ಹನುಮಕ್ಕ ತಿರುಗಿ ಹೇಳದ ಮಾತು

ರಾಜಾಜಿನಗರ, ಬೆಂಗಳೂರು
ಬುಧವಾರ, ೧೪-೯-೧೯೫೫

ಮೈಸೂರಿನಲ್ಲಿರುವ ನಮ್ಮ ಮನೆಯವರ ಪಾದಗಳಿಗೆ ನೀಲಮ್ಮನ ಶರಣು.

ನಾವು ಇಲ್ಲಿ ಕ್ಷೇಮ. ನೀವು ಹೊರಟ ದಿನ ಈ ಮನೆಯಲ್ಲಿ ಉಳಿದವಳು ನಾನೊಬ್ಬಳೇ, ಈಗ ‘ನಾವು’ ಎಂದು ಬರೆಯುತ್ತಿದ್ದೇನಲ್ಲ ಎಂದು ನಿಮ್ಮ ಪಂಡಿತ ಕಣ್ಣು ಅಲ್ಲೇ ನಿಂತಿರುತ್ತದೆ. ನಿಲ್ಲಲಿ, ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಮಠದಿಂದ ಪಾದ್ರಿಗಳ ಬಂಗಲೆಗೆ ದಿನವೂ ಎರಡು ಮೈಲಿ ನಡೆದೇ ಹೋಗುತ್ತೀರಂತೆ. ಜಟಕಾ ಮಾಡಿಕೊಳ್ಳಿ ಎಂದರೆ ಕೇಳುವವರಲ್ಲ ನೀವು. ಟ್ರಂಕಿನ ಎಡಮೂಲೆಯಲ್ಲಿ, ಪಂಚೆಯ ಮಡಿಕೆಯೊಳಗೆ ಎಣ್ಣೆಯ ಸೀಸೆ ಇಟ್ಟಿದ್ದೇನೆ. ಅದನ್ನು ಹಾಳೆಗಳು ಹಾರದಂತೆ ಭಾರಕ್ಕೆ ಇಟ್ಟುಕೊಂಡಿರುತ್ತೀರಿ, ನನಗೆ ಗೊತ್ತು. ಬಿರಡೆ ತೆಗೆದು ರಾತ್ರಿ ಹಚ್ಚಿಕೊಳ್ಳಿ. ಬಂಗಲೆಯಲ್ಲಿ ನೀರೂ ಮುಟ್ಟದೆ ಮಧ್ಯಾಹ್ನ ಮೂರರವರೆಗೆ ಕೂರುವ ಹಟವನ್ನೂ ಬಿಡಿ. ಐವತ್ತೆಂಟು ವರ್ಷದ ಹೊಟ್ಟೆ ಅದು, ಸಮಿತಿಯ ಸದಸ್ಯನಲ್ಲ. ಬಾಳೆಹಣ್ಣಾದರೂ ಜೇಬಿನಲ್ಲಿ ಹಾಕಿಕೊಂಡು ಹೋಗಿ.

ಲಕೋಟೆಯ ಮೇಲಿನ ಅಕ್ಷರ ನೋಡಿ ಹುಬ್ಬು ಗಂಟಿಕ್ಕಿರುತ್ತೀರಿ. ಮೂವತ್ತು ವರ್ಷ ಸಂಸಾರ ಮಾಡಿದರೂ ನಿಮ್ಮ ಹೆಸರು ಬರೆಯಲು ನನಗೆ ಕೈ ಬರುವುದಿಲ್ಲ. ಪಕ್ಕದ ಮನೆಯ ಹನುಮಂತಯ್ಯನವರೇ ಯಾವಾಗಲೂ ವಿಳಾಸ ಬರೆದುಕೊಡುವುದು. ಈ ಸಲ ಬರೆದವರು ಅವರಲ್ಲ. ಯಾರೆಂದು ಕಾಗದ ಪೂರ್ತಿ ಓದಿದರೆ ತಿಳಿಯುತ್ತದೆ. ನನ್ನದು ಒಂದೇ ಕೋರಿಕೆ, ಅರ್ಧಕ್ಕೆ ಮಡಿಸಿ ಎದ್ದು ಹೋಗಬೇಡಿ. ನೀವು ಮಾತಿನ ನಡುವೆ ಎದ್ದು ಹೋದಾಗಲೆಲ್ಲ ನಾನು ಹಿಂದಿನಿಂದ ಕೂಗುತ್ತಿದ್ದೆ. ಕಾಗದಕ್ಕೆ ಕೂಗಲು ಬರುವುದಿಲ್ಲ.

ನಿಮ್ಮ ಕಾಗದ ಕಳೆದ ಶುಕ್ರವಾರ ಬಂತು, ನಿನ್ನೆ ಕಾರ್ಡೂ ಬಂತು. ಶನಿವಾರ ಕ್ರೈಸ್ತರ ವೇದದ ಅನುವಾದ ಸಮಿತಿಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡುತ್ತಾರೆ, ಭಾನುವಾರ ನಾನು ಮನೆಗೆ ಹೊರಡುತ್ತೇನೆ, ಶನಿವಾರದೊಳಗೆ ಹನುಮಕ್ಕನ ಫಲಿತಾಂಶ ಕೈಸೇರಬೇಕು ಎಂದು ಕೆಳಗೆ ಎರಡು ಗೆರೆ ಎಳೆದಿದ್ದೀರಿ. ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡಿ. ಆ ಗ್ರೀಕ್ ಮಾತು ‘ಸ್ಪ್ಲಾಂಖ್ನ’. ನನ್ನ ಬಾಯಲ್ಲಿ ಅದು ಕಾದ ಎಣ್ಣೆಗೆ ನೀರು ಬಿದ್ದ ಸದ್ದಾಗುತ್ತದೆ, ಇರಲಿ. ಕರುಳು, ಪಿತ್ತಕೋಶ, ಗುಂಡಿಗೆ ಎಲ್ಲಕ್ಕೂ ಸೇರಿಸಿ ಆ ಜನ ಹಾಗೆ ಕರೆಯುತ್ತಿದ್ದರು. ಬಲಿ ಕೊಟ್ಟ ಪ್ರಾಣಿಯ ಒಳಗಿನ ಭಾಗಗಳಿಗೂ ಅದೇ ಹೆಸರು. ಅವರ ಹಳೆಯ ಕವಿಗಳಿಗೆ ಕೋಪ ಹುಟ್ಟುವ ಜಾಗವೂ ಅದೇ. ಕ್ರೈಸ್ತರ ವೇದಕ್ಕೆ ಬರುವ ಹೊತ್ತಿಗೆ ಅದು ಮನುಷ್ಯ ಇನ್ನೊಬ್ಬರಿಗಾಗಿ ಮರುಗುವ ಜಾಗವಾಯಿತು. ಅದರಿಂದ ಹುಟ್ಟಿದ ಕ್ರಿಯಾಪದ ಸುವಾರ್ತೆಗಳಲ್ಲಿ ಹನ್ನೆರಡು ಕಡೆ ಬರುತ್ತದೆ. ಒಂದೋ ಯೇಸುವಿನ ವಿಷಯದಲ್ಲಿ, ಇಲ್ಲವೇ ಅವನು ಹೇಳಿದ ಕಥೆಗಳ ಒಳಗಿನವರ ವಿಷಯದಲ್ಲಿ. ಹಾಗೆ ಅನ್ನಿಸಿದವನು ಅನ್ನಿಸಿಕೊಂಡು ಸುಮ್ಮನೆ ಕೂರುವುದಿಲ್ಲ, ಎದ್ದು ಏನನ್ನಾದರೂ ಮಾಡಿಯೇ ತೀರುತ್ತಾನೆ ಎಂದು ಪಾದ್ರಿಗಳು ವಾದಿಸಿದರಂತೆ. ಇನ್ನೊಂದು ಕಡೆ ಸೆರೆಯಲ್ಲಿದ್ದ ಮುದುಕನೊಬ್ಬ, ತಪ್ಪಿಸಿಕೊಂಡು ಬಂದ ಆಳನ್ನು ಅವನ ಯಜಮಾನನ ಬಳಿಗೆ ತಿರುಗಿ ಕಳಿಸುವಾಗ, ಇವನು ನನ್ನ ‘ಸ್ಪ್ಲಾಂಖ್ನ’ವೇ, ಸೇರಿಸಿಕೋ ಎಂದು ಕಾಗದ ಬರೆದನಂತೆ. ನೀವು ವಿವರಿಸಿದ್ದನ್ನು ಓದುತ್ತಾ ನಾನು ಅಡುಗೆಮನೆಯಲ್ಲೇ ಕುಳಿತುಬಿಟ್ಟೆ. ಸಾರು ಉಕ್ಕಿ ಒಲೆ ಆರಿತು.

ಪಾದ್ರಿಗಳು ‘ಕರುಳು’ ಎಂದೇ ಇರಲಿ ಎನ್ನುತ್ತಾರೆ, ನೀವು ‘ಕನಿಕರ’ ಎನ್ನುತ್ತೀರಿ. ಕರುಳು ಎಂದೊಡನೆ ಮಾಗಡಿ ರಸ್ತೆಯ ಮಾಂಸದ ಅಂಗಡಿ ಕಣ್ಣಿಗೆ ಕಟ್ಟುತ್ತದೆ, ವೇದವಾಕ್ಯಕ್ಕೆ ಗಾಂಭೀರ್ಯ ಬೇಡವೇ ಎಂದು ಕೇಳಿದ್ದೀರಿ. ಒಂದು ಮಾತು ಹೇಳುತ್ತೇನೆ, ಕೋಪ ಬಂದರೆ ಬರಲಿ. ನಿಮ್ಮ ಕಣ್ಣಿಗೆ ಕಟ್ಟುವುದು ಅಂಗಡಿಯಲ್ಲ. ಅಂಗಡಿಯ ಆಚೆ ಇರುವ ವಠಾರ, ಅದರ ಮೂರನೆಯ ಬಾಗಿಲು. ಎರಡು ವರ್ಷದ ಹಿಂದೆ ನಮ್ಮ ಮಗಳು ಬಸವರಾಜೇಶ್ವರಿ, ಕಾರ್ಖಾನೆಯ ಫಿಟ್ಟರ್ ಲಕ್ಷ್ಮೀಪತಿಯನ್ನು ರಿಜಿಸ್ಟರ್ ಮದುವೆಯಾಗಿ ಬಂದು ಈ ಮೆಟ್ಟಿಲ ಮೇಲೆ ನಿಂತಿದ್ದಳಲ್ಲ, ಅವತ್ತು ನೀವಾಡಿದ ಮಾತು ನನಗೆ ಒಂದಕ್ಷರ ಬಿಡದೆ ನೆನಪಿದೆ. “ಕರುಳು ಬೇಯಿಸಿ ತಿನ್ನೋರ ಮನೆಗೆ ಹೋದೋಳು, ನಾನಿರೋ ತನಕ ಈ ಹೊಸಲು ತುಳೀಬಾರದು.” ಹುಡುಗ ತಲೆ ತಗ್ಗಿಸಿ ನಿಂತಿದ್ದ. ರಾಜಿ ಮಾತ್ರ ನಿಮ್ಮ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಈ ಮನೆಯಲ್ಲಿ ಅವಳ ಹೆಸರೂ ಏಳಲಿಲ್ಲ, ಆ ಪದವೂ ಏಳಲಿಲ್ಲ. ಈಗ ಗ್ರೀಕರ ನೆಪದಲ್ಲಿ ಅದು ಅಂಚೆಯಲ್ಲಿ ಬಂದಿದೆ.

ಹನುಮಕ್ಕನ ವಿಷಯಕ್ಕೆ ಬರುತ್ತೇನೆ. ಪದ್ಧತಿ ನೀವು ಹಾಕಿಕೊಟ್ಟದ್ದೇ. ಅಚ್ಚಿಗೆ ಹೋಗುವ ಮೊದಲು ಕಷ್ಟದ ಸಾಲುಗಳನ್ನು ಓದು ಬಾರದ ಒಬ್ಬರಿಗೆ ನಿಧಾನವಾಗಿ ಎರಡು ಸಲ ಓದಬೇಕು. ಯಾವ ಗ್ರಂಥದ್ದು, ಯಾರ ಕಥೆ ಎಂದು ಹೇಳಬಾರದು, ಹೇಳಿದರೆ ದೇವರ ಮಾತೆಂದು ಹೆದರಿ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಅರ್ಥವಾಯಿತೇ ಎಂದು ಕೇಳಬಾರದು. ಅವರೇ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ನಾವು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಶ್ರೀಗಂಧದ ಕಾವಲಿನಿಂದ ಸೊಪ್ಪಿನ ಬುಟ್ಟಿ ಹೊತ್ತು ನಡೆದು ಬರುವ ಹನುಮಕ್ಕ ಎರಡು ವರ್ಷದಿಂದ ಒಂದು ಲೋಟ ಕಾಫಿಗೆ, ಎರಡು ಅಡಿಕೆಗೆ ಈ ಕೆಲಸ ಮಾಡಿಕೊಟ್ಟಿದ್ದಾಳೆ. ಹೋದ ವರ್ಷ ಕಳೆದುಹೋದ ಕುರಿಯ ನಾಲ್ಕು ಸಾಲು ಓದಿಸಿದಿರಲ್ಲ, ಮಾರನೆಯ ದಿನ ಬುಟ್ಟಿ ಇಳಿಸುವ ಮೊದಲೇ “ಅಮ್ಮಾವ್ರೇ, ಆ ಕುರಿ ಸಿಕ್ತಾ?” ಎಂದು ಕೇಳಿದಳು. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ನೀವು ನೋಟುಪುಸ್ತಕದಲ್ಲಿ ‘ಕೇಳಿದವಳು ನಿಜವೆಂದು ನಂಬಿದ್ದಾಳೆ, ಭಾಷೆ ಚೆನ್ನಾಗಿದೆ’ ಎಂದು ಬರೆದುಕೊಂಡಿರಿ. ಅಯ್ಯನವರು ಊರೂರು ತಿರುಗುತ್ತಾರೆ, ಅಲ್ಲಲ್ಲಿ ನಡೆದದ್ದನ್ನು ಮನೆಗೆ ಬರೆಯುತ್ತಾರೆ ಎಂದೇ ಅವಳು ತಿಳಿದಿದ್ದಳು. ನಾವು ತಿದ್ದಲಿಲ್ಲ. ತಿದ್ದಿದರೆ ಪದ್ಧತಿ ಕೆಡುತ್ತದೆ ಎಂದವರು ನೀವು, ಸರಿ ಎಂದವಳು ನಾನು. ಹಾಗಾಗಿ ಮುಂದೆ ಆದದ್ದರಲ್ಲಿ ತಪ್ಪು ಇಬ್ಬರದೂ, ಹನುಮಕ್ಕನದು ಏನೂ ಇಲ್ಲ.

ನೀವು ಕಳಿಸಿದ ಎರಡು ಚೀಟಿಗಳಲ್ಲಿ ಮೂರು ಮೂರೇ ಸಾಲಿದ್ದವು. ದೂರದಲ್ಲಿ ಮಗು ಬರುತ್ತಿರುವುದನ್ನು ತಂದೆ ಕಂಡದ್ದು, ಅವನಿಗೆ ಹೇಗೋ ಆದದ್ದು, ಅವನು ಎದ್ದು ಓಡಿ ಹೋಗಿ ತಬ್ಬಿಕೊಂಡದ್ದು. ಮಗು ಗಂಡೋ ಹೆಣ್ಣೋ, ಯಾಕೆ ಮನೆ ಬಿಟ್ಟಿತ್ತು, ಒಂದೂ ಇರಲಿಲ್ಲ. ಶನಿವಾರ ಮೊದಲನೆಯ ಚೀಟಿ ಓದಿದೆ, ನಿಮ್ಮ ‘ಕನಿಕರ’ದ್ದು. ಹನುಮಕ್ಕ ಕಣ್ಣು ಮುಚ್ಚಿ ಕೇಳಿ, ಕಾಫಿ ಮುಗಿಸಿ, ತಿರುಗಿ ಹೇಳಿದಳು. ಅವಳ ಮಾತು ಇದು, ಒಂದಕ್ಷರ ಬದಲಿಸಿಲ್ಲ: “ಅಪ್ಪ ಅಂತೀರಿ, ಯಾರೋ ಅಮಲ್ದಾರ್ರು ಇದ್ದಂಗವ್ರೆ. ಬಡವನ್ನ ಕಂಡು ಅಯ್ಯೋ ಪಾಪ ಅಂದ್ರು. ಆಮ್ಯಾಕೆ ಓಡೋಗಿ ತಬ್ಕಂಡ್ರಂತೆ. ಅಯ್ಯೋ ಪಾಪ ಅನ್ನೋರು ಜೇಬಿಗೆ ಕೈ ಹಾಕ್ತಾರೆ ಕಣವ್ವ, ಓಡ್ತಾರಾ? ಅದ್ಯಾಕೆ ಓಡಿದ್ರೋ ನಂಗೊತ್ತಾಗ್ಲಿಲ್ಲ.” ಇದನ್ನು ಸಮಿತಿಯ ಮುಂದೆ ಓದುವ ಧೈರ್ಯ ನಿಮಗಿದೆಯೋ ಇಲ್ಲವೋ. ನಾನಂತೂ ಬರೆದುಕೊಟ್ಟಿದ್ದೇನೆ.

ಭಾನುವಾರ ಎರಡನೆಯದು. ತಂದೆಯ ಕರುಳು ಕಿತ್ತುಬಂತು ಎಂದು ಓದಿದೆ. ಮೊದಲ ಸಲ ಓದಿದಾಗಲೇ ಅವಳು ಲೋಟ ಕೆಳಗಿಟ್ಟಳು. ಎರಡನೆಯ ಸಲ ಓದುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಪೆನ್ಸಿಲ್ ಹಿಡಿದು ಕಾದೆ. ಅವಳು ತಿರುಗಿ ಹೇಳಲೇ ಇಲ್ಲ. “ಇದ್ಯಾವಾಗ ಬಂತು?” ಎಂದಳು. ಮೊನ್ನೆ ಎಂದೆ. “ಅಯ್ನೋರು ಕೈಯಾರೆ ಬರ್ದವ್ರಾ?” ಎಂದಳು. ಹೌದು ಎಂದೆ. ಪದ್ಧತಿಯ ಪ್ರಕಾರ ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಅಡಿಕೆ ತೆಗೆದುಕೊಳ್ಳದೆ, ಅರ್ಧ ಮಾರಿದ ಬುಟ್ಟಿಯನ್ನು ಇಲ್ಲೇ ಜಗುಲಿಯ ಮೇಲೆ ಬಿಟ್ಟು ಸರಸರನೆ ಹೊರಟೇಬಿಟ್ಟಳು. ಪರೀಕ್ಷೆ ಕೆಟ್ಟಿತು ಎಂದುಕೊಂಡೆ. ಇವಳಿಗೂ ಆ ಪದ ಅಸಹ್ಯವಾಯಿತೇನೋ, ಕೊನೆಗೂ ನೀವೇ ಗೆದ್ದಿರಿ ಎಂದು ಬೇಸರಪಟ್ಟುಕೊಂಡು ಆ ಸೊಪ್ಪಿಗೆಲ್ಲ ನೀರು ಚಿಮುಕಿಸಿಟ್ಟೆ.

ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಗೇಟಿನ ಮುಂದೆ ಒಂದು ಎತ್ತಿನ ಗಾಡಿ ನಿಂತಿತು. ಹುಲ್ಲು ಹಾಸಿ ಮೇಲೆ ಕಂಬಳಿ ಹೊದಿಸಿದ್ದರು. ಮುಂದೆ ಹನುಮಕ್ಕನ ತಮ್ಮ ಅಂಜಿನಯ್ಯ, ಹಿಂದೆ ಹನುಮಕ್ಕ, ಅವಳ ತೋಳು ಹಿಡಿದುಕೊಂಡು ನಮ್ಮ ರಾಜಿ. ಎಂಟನೆಯ ತಿಂಗಳು. ಹೌದು, ನೀವು ಈಗ ಎದ್ದು ನಿಂತಿರುತ್ತೀರಿ. ಕುಳಿತುಕೊಳ್ಳಿ. ಅವಳ ಕಾಲು ಚಪ್ಪಲಿಗೆ ಹಿಡಿಸದಷ್ಟು ಊದಿಕೊಂಡಿತ್ತು, ಬರಿಗಾಲಲ್ಲೇ ಇಳಿದಳು. ಮೆಟ್ಟಿಲ ಹತ್ತಿರ ಬಂದವಳು ಹತ್ತಲಿಲ್ಲ. ಎರಡು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ ನಿಂತು “ಅಪ್ಪ ನಿಜವಾಗ್ಲೂ ಬರ್ದಿದಾರಾಮ್ಮ?” ಎಂದು ಕೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಆಗ ಹನುಮಕ್ಕ ಬಾಯಿಬಿಟ್ಟಳು: “ನಾನೇ ಹೇಳ್ದೆ ಕಣಮ್ಮಾವ್ರೇ. ಮೊದ್ಲ ದಿನ ಬರ್ದಿದ್ದು ಯಾರದೋ ಸುದ್ದಿ ಇರ್ಬೋದು. ನಿನ್ನೆ ಓದಿದ್ದು ನಮ್ಮನೇದೇಯ. ದೂರದಿಂದ ಮಗ ಬರೋದು ಕಂಡು ಕರುಳು ಕಿತ್ಕಂಡು ಬಂತು ಅಂತ ಹೆತ್ತಪ್ಪ ಬರ್ದ್‌ಮ್ಯಾಕೆ ನಾನ್ಯಾಕೆ ಸುಮ್ಕೆ ಕುಂತ್ಕಳ್ಳಿ? ಚೊಚ್ಚಲ ಬಾಣಂತನ ತವರಲ್ಲಿ ಆಗ್ದೆ ಇನ್ನೆಲ್ಲಾಗ್ಬೇಕು?” ಅವರ ಕಡೆ ಹೆಣ್ಣುಮಕ್ಕಳನ್ನೂ ಮಗ ಎಂದೇ ಕರೆಯುವುದು, ನಿಮಗೆ ಗೊತ್ತಲ್ಲ. ಗಾಡಿ ಕಟ್ಟಿಸಿ, ವಠಾರದ ಮೂರನೆಯ ಬಾಗಿಲು ತಟ್ಟಿ, ನಿಮ್ಮ ಅಪ್ಪ ಕಾಗದದಲ್ಲಿ ಕರೆದಿದ್ದಾರೆ ಎಂದು ಹೇಳಿ ಕರೆತಂದುಬಿಟ್ಟಿದ್ದಾಳೆ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ‘ಇಲ್ಲಮ್ಮ, ಅದು ಕ್ರೈಸ್ತರ ಪುಸ್ತಕದ ಸಾಲು, ನಿಮ್ಮಪ್ಪ ಪದ ಪರೀಕ್ಷೆಗೆ ಕಳಿಸಿದ್ದು’ ಎಂದು ಹೇಳಬೇಕಾಗಿತ್ತು. ಬಾಯಿ ತೆರೆದೆ ಕೂಡ. ಅವಳು ಎರಡೂ ಕೈ ಸೊಂಟಕ್ಕೆ ಕೊಟ್ಟುಕೊಂಡು ನಿಂತಿದ್ದಳು, ಬೆವರು ಇಳಿಯುತ್ತಿತ್ತು, ಅಪ್ಪ ಬರೆದ ಕಾಗದ ಎಲ್ಲಿ ಎಂದು ನನ್ನ ಕೈ ನೋಡುತ್ತಿದ್ದಳು. ನಾನು ಒಳಗೆ ಹೋಗಿ ಎರಡನೆಯ ಚೀಟಿ ತಂದು ಗಟ್ಟಿಯಾಗಿ ಓದಿದೆ. ಅಷ್ಟೇ. ನೀವು ಅವಳಿಗೆ ಬರೆದದ್ದೆಂದು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅವಳು ಚೀಟಿ ಇಸಿದುಕೊಂಡು ನೋಡಿದಳು. ನಿಮ್ಮ ಅಕ್ಷರ ಅವಳಿಗೆ ಗೊತ್ತಿಲ್ಲವೇ, ಆ ಅಕ್ಷರದ ಮೇಲೆಯೇ ಬಳಪ ತಿದ್ದಿ ಕಲಿತವಳು. ಆಮೇಲೆ ಬಲಗಾಲು ಎತ್ತಿ ಹೊಸಲು ದಾಟಿ ಒಳಗೆ ಬಂದಳು. ಈಗ ಚೀಟಿ ಅವಳ ದಿಂಬಿನ ಕೆಳಗಿದೆ.

ನಿನ್ನೆ ಸೂಲಗಿತ್ತಿ ಶಿವಗಂಗಮ್ಮನನ್ನು ಕರೆಸಿದೆ. ಅವಳು ಕಾಲು ಒತ್ತಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. “ಈ ಬಾವು ನಂಗೆ ಒಪ್ಪಿಗೆ ಇಲ್ಲ ನೀಲಮ್ಮ. ಹಾಸಿಗೆ ಬಿಟ್ಟು ಏಳ್ಬಾರ್ದು. ಉಪ್ಪು ಬೇಡ. ಮನಸ್ಸಿಗೆ ಗಾಬರಿ ಆಗೋ ಮಾತು ಒಂದೂ ಕಿವಿಗೆ ಬೀಳ್ಬಾರ್ದು, ತಲೆನೋವು ಅಂದ್ರೆ ಆ ಕ್ಷಣ ಆಸ್ಪತ್ರೆಗೆ” ಎಂದಳು. ವಠಾರದಲ್ಲಿ ರಾಜಿ ಬೀದಿ ನಲ್ಲಿಯಿಂದ ದಿನಕ್ಕೆ ಆರು ಕೊಡ ನೀರು ಹೊರುತ್ತಿದ್ದಳಂತೆ. ಅತ್ತೆ ಇಲ್ಲದ ಮನೆ, ಗಂಡನಿಗೆ ಪಾಳಿ ಕೆಲಸ. ಶಿವಗಂಗಮ್ಮ ಹೊರಟು ಹತ್ತು ನಿಮಿಷಕ್ಕೆ ನಿಮ್ಮ ಕಾರ್ಡು ಬಂತು. ‘ಕರುಳು ಎಂಬುದಕ್ಕೆ ನಾನು ಬದುಕಿರುವವರೆಗೆ ಒಪ್ಪುವುದಿಲ್ಲ’ ಎಂದು ಬರೆದಿದ್ದೀರಿ. ಅದೇ ಅಕ್ಷರ, ಅದೇ ಮಸಿ. ಅಪ್ಪನ ಕಾರ್ಡಾ, ನನಗೇನಾದರೂ ಬರೆದಿದ್ದಾರಾ ಎಂದು ಒಳಗಿನಿಂದ ಕೂಗಿದಳು. ಹಾಲಿನ ಲೆಕ್ಕದ ಕಾಗದ ಎಂದು ಹೇಳಿ ಕಾರ್ಡನ್ನು ಒಲೆಗೆ ಹಾಕಿದೆ. ನಿಮ್ಮ ಕೈಬರಹವನ್ನು ನಾನು ಸುಟ್ಟದ್ದು ಇದೇ ಮೊದಲು.

ಲಕ್ಷ್ಮೀಪತಿ ಸೋಮವಾರ ಸಂಜೆ ಪಾಳಿ ಮುಗಿಸಿ ಬಂದ. ಗೇಟಿನ ಹೊರಗೇ ಸೈಕಲ್ ನಿಲ್ಲಿಸಿ ನಿಂತ. ಒಳಗೆ ಬಾರಪ್ಪ ಎಂದೆ. “ಅಯ್ನೋರು ಕರೆದ್ರೆ ಬರ್ತೀನಮ್ಮ” ಎಂದ. ನಮ್ಮ ಮನೆ ಎದ್ದಿರುವ ಈ ಜಾಗದಲ್ಲೇ ಅವನ ತಾತನ ರಾಗಿ ಹೊಲ ಇತ್ತಂತೆ, ಬಡಾವಣೆಗೆ ಹೋಯಿತಂತೆ. ಅದನ್ನೂ ಅವನು ಹೇಳಲಿಲ್ಲ, ಹನುಮಕ್ಕ ಹೇಳಿದಳು. ರಾಜಿ ಗೇಟಿನವರೆಗೆ ನಡೆದು ಬಂದು ಚೀಟಿಯನ್ನು ಕೊಟ್ಟು ನೋಡು ನೋಡು ಎಂದಳು. ಅವನು ಓದಿದ. ಹಿಂದಕ್ಕೆ ತಿರುಗಿಸಿದ. ಹಿಂದುಗಡೆ ನೀವು ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ‘ಮಾದರಿ ೨, ಹನುಮಕ್ಕನಿಗೆ’ ಎಂದು ಬರೆದಿದ್ದೀರಲ್ಲ, ನಾನು ಅದನ್ನು ಮರೆತೇ ಹೋಗಿದ್ದೆ. ಅವನು ನನ್ನ ಮುಖ ನೋಡಿದ. ಆಮೇಲೆ ಆ ಬರಹ ಒಳಗೆ ಹೋಗುವ ಹಾಗೆ ಚೀಟಿಯನ್ನು ಮಡಿಸಿ, ಭದ್ರವಾಗಿಟ್ಟುಕೋ ಎಂದು ಅವಳ ಕೈಗೇ ಕೊಟ್ಟ. ಹೊರಡುವಾಗ ನನಗೆ ಮಾತ್ರ ಕೇಳಿಸುವಂತೆ “ಭಾನುವಾರ ಅಯ್ನೋರು ಬಂದಾಗ ಇದು ನಿಜ ಆದ್ರೆ ಸಾಕಮ್ಮ” ಎಂದ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದವನು ಅವನೇ. ಇವತ್ತು ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಇಟ್ಟುಕೊಂಡು ಬರೆದ. ‘ಪೂಜ್ಯ’ ಎಂದು ಸೇರಿಸಲೇ ಎಂದು ಕೇಳಿ ಸೇರಿಸಿದ.

ಇನ್ನೊಂದನ್ನೂ ಹೇಳಿ ಹಗುರಾಗಿಬಿಡುತ್ತೇನೆ. ಎರಡು ವರ್ಷದಿಂದ ಹನುಮಕ್ಕನ ಬುಟ್ಟಿಯ ತಳದಲ್ಲಿ ನಮ್ಮ ಮನೆಯ ಚಟ್ನಿಪುಡಿ, ಶೇಂಗಾ ಹೋಳಿಗೆ ವಠಾರಕ್ಕೆ ಹೋಗುತ್ತಿದ್ದವು. ಅಲ್ಲಿಂದ ನನಗೆ ಸುದ್ದಿ ಬರುತ್ತಿತ್ತು. ನಿಮಗೆ ದಂಟಿನ ಸೊಪ್ಪು ಅಷ್ಟು ಇಷ್ಟವಿಲ್ಲ, ವಾರಕ್ಕೆ ಮೂರು ದಿನ ಅದನ್ನೇ ಯಾಕೆ ಮಾಡುತ್ತೀ ಎಂದು ರೇಗುತ್ತಿದ್ದಿರಲ್ಲ, ಅದಕ್ಕೆ. ನನಗೆ ನಿಮ್ಮ ಮೇಲೆ ಕೋಪವಿದೆ. ಎರಡು ವರ್ಷದ ಕೋಪ. ಅವಳಿಗೆ ಆರು ವರ್ಷವಾಗಿದ್ದಾಗ ದಾವಣಗೆರೆಯಲ್ಲಿ ವಿಷಮಶೀತ ಜ್ವರ ಬಂದು ಇಪ್ಪತ್ತೊಂದು ದಿನ ಕಣ್ಣು ಬಿಡದೆ ಮಲಗಿದ್ದಳು. ನೀವು ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕುಳಿತು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಅಮುಕಿಕೊಂಡು “ಕರುಳು ಹಿಂಡ್ತಾ ಇದೆ ಕಣೇ ನೀಲಾ” ಎಂದಿರಿ. ಅವತ್ತು ‘ಕನಿಕರ ಆಗ್ತಾ ಇದೆ ಕಣೇ’ ಎನ್ನಲಿಲ್ಲ. ಅವತ್ತು ನಿಮಗೆ ಯಾವ ಅಂಗಡಿಯೂ ಕಾಣಲಿಲ್ಲ. ಗ್ರೀಕ್ ಬಾರದೆ, ಪಾದ್ರಿಗಳು ವಿವರಿಸದೆ, ಆ ಪದದ ಅರ್ಥ ನಿಮಗೆ ಮೈಯಲ್ಲೇ ಗೊತ್ತಿತ್ತು. ಈಗ ಸಮಿತಿಯಲ್ಲಿ ಕುಳಿತು ಗೊತ್ತಿಲ್ಲದವರ ಹಾಗೆ ಆಡುತ್ತೀರಿ.

ನೀವು ಕೇಳಿದ ಫಲಿತಾಂಶವನ್ನು ಬರೆದುಕೊಳ್ಳಿ. ಮಾದರಿ ಒಂದು, ಕನಿಕರ: ಕೇಳಿದವಳು ಕಾಫಿ ಕುಡಿದು, ತಿರುಗಿ ಹೇಳಿ, ತಂದೆ ಓಡಿದ್ದು ಯಾಕೆಂದು ತಿಳಿಯಲಿಲ್ಲ ಎಂದಳು. ಮಾದರಿ ಎರಡು, ಕರುಳು: ಕೇಳಿದವಳು ತಿರುಗಿ ಹೇಳಲಿಲ್ಲ. ಬುಟ್ಟಿ ಬಿಟ್ಟು ಎದ್ದು ಹೋಗಿ, ಗಾಡಿ ಕಟ್ಟಿಸಿ, ಮನೆಯಿಂದ ಹೊರಗಿದ್ದ ಮಗಳನ್ನು ಕರೆದುಕೊಂಡು ಬಂದಳು. ಹಾಗನ್ನಿಸಿದವರು ಸುಮ್ಮನೆ ಕೂರುವುದಿಲ್ಲ ಎಂದು ಪಾದ್ರಿಗಳು ಹೇಳಿದ್ದು ಸುಳ್ಳಲ್ಲ ಎಂದು ಅವರಿಗೆ ತಿಳಿಸಿ. ಶನಿವಾರ ನೀವು ಯಾವುದಕ್ಕೆ ಕೈ ಎತ್ತುತ್ತೀರೋ ನನಗೆ ಬೇಕಿಲ್ಲ, ಅಲ್ಲಿ ಬೇರೆಯವರ ಕೈಗಳೂ ಇವೆ. ಈ ಮನೆಯಲ್ಲಿ ಇರುವುದು ನಿಮ್ಮದೊಂದೇ. ಚೀಟಿಯಲ್ಲಿ ನೀವು ಬರೆದದ್ದನ್ನು ನಿಮ್ಮ ಮಗಳು ನಂಬಿದ್ದಾಳೆ. ಅದು ಸುಳ್ಳು ಎಂದು ಅವಳಿಗೆ ಹೇಳುವ ಕೆಲಸ ನನ್ನಿಂದ ಆಗದು, ಹೇಳಿದರೆ ಅವಳ ಜೀವಕ್ಕೆ ಏನಾಗುತ್ತದೋ ಶಿವಗಂಗಮ್ಮನೂ ಹೇಳಲಾರಳು. ಆ ಸೆರೆಯ ಮುದುಕನ ಹಾಗೆ ಕೇಳಿಕೊಳ್ಳುತ್ತೇನೆ. ಇವಳು ನನ್ನ ಕರುಳು, ಸೇರಿಸಿಕೊಳ್ಳಿ.

ಪಕ್ಕದ ಮನೆಯ ಕಮಲಾಕ್ಷಮ್ಮ ಗೌರಿ ಹಬ್ಬಕ್ಕೆ ಮಗಳ ಬಾಗಿನದ ಮೊರ ತಂದು ಅರಿಸಿನ ಹಚ್ಚುತ್ತಿದ್ದಾರೆ. ನಿಮ್ಮನ್ನು ಕೇಳಿದ್ದಾರೆ. ಮಠದ ಸ್ವಾಮಿಗಳಿಗೆ ನನ್ನ ಶರಣು ತಿಳಿಸಿ. ನನಗೆ ಭಯವಾಗುತ್ತಿದೆ, ಆದರೂ ನೀವು ಕೆಟ್ಟವರಲ್ಲ ಎಂದು ತಿಳಿದೇ ಬರೆಯುತ್ತಿದ್ದೇನೆ.

ನಿಮ್ಮ
ನೀಲಮ್ಮ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಲಕ್ಷ್ಮೀಪತಿ ಗೇಟಿನಲ್ಲಿ ಕಾಯುತ್ತಿದ್ದಾನೆ, ಮುಖ್ಯವಾದದ್ದೇ ಉಳಿಯಿತು. ರಾಜಿಯ ಮಂಚವನ್ನು ಅವಳ ಹಟಕ್ಕೆ ಮುಂದಿನ ಕೋಣೆಯ ಕಿಟಕಿಗೆ ಎಳೆದಿದ್ದೇನೆ. ಅಲ್ಲಿಂದ ನಮ್ಮ ಬೀದಿಯ ತಿರುವು ಕಾಣುತ್ತದೆ. ಅಪ್ಪ ನನ್ನನ್ನು ನೋಡುವ ಮೊದಲು ನಾನೇ ದೂರದಿಂದ ಅಪ್ಪನನ್ನು ನೋಡುತ್ತೇನೆ ಎಂದು ನಗುತ್ತಾಳೆ. ನಿಮ್ಮ ಮನಸ್ಸು ತಿರುಗದೇ ಇದ್ದರೆ ಭಾನುವಾರ ಬರಲೇಬೇಡಿ. ಸಭೆ ಮುಂದುವರಿದಿದೆ ಎಂದು ತಂತಿ ಕೊಟ್ಟು ಹೆರಿಗೆಯಾಗುವ ತನಕ ಮಠದಲ್ಲೇ ಇರಿ, ನಾನು ಏನೋ ಒಂದು ಹೇಳಿಕೊಳ್ಳುತ್ತೇನೆ. ಬರುವುದಾದರೆ ಓಡಬೇಕಾಗಿಲ್ಲ, ನಿಮ್ಮ ಮಂಡಿ ನನಗೆ ಗೊತ್ತು. ಆ ತಿರುವಿನಲ್ಲಿ ಮಾತ್ರ ನಿಲ್ಲಬೇಡಿ. ಅವಳು ನೋಡುತ್ತಿರುತ್ತಾಳೆ.